ದೂರು ಶೋರೂಂ ಬಾಗಿಲಲ್ಲೇ ಮುಗಿಯಬಾರದು

ಮಧ್ಯಮ ವರ್ಗದ ಮನೆಯಲ್ಲಿ ಸೈಟು, ಮದುವೆ ಬಿಟ್ಟರೆ ಬಹುಶಃ ಅತಿ ದೊಡ್ಡ ಖರ್ಚು ಕಾರಿನದು. ಆದರೂ ಡೀಲರ್ ಮೋಸ ಮಾಡಿದ ಎಂದು ಗೊತ್ತಾದಾಗ ಹೆಚ್ಚಿನವರು ಮ್ಯಾನೇಜರ್ ಜೊತೆ ಜಗಳವಾಡುತ್ತಾರೆ, ಫೇಸ್‌ಬುಕ್‌ನಲ್ಲಿ ಬರೆಯುತ್ತಾರೆ, ಸುಸ್ತಾಗಿ ಬಿಟ್ಟುಬಿಡುತ್ತಾರೆ. ಕಾನೂನಿನ ಲೆಕ್ಕದಲ್ಲಿ ಇದ್ಯಾವುದೂ ದೂರಲ್ಲ.

ಗೋವಾದ ಒಂದು ಪ್ರಕರಣವನ್ನು ಕಾರು ಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕು. 2011ರಲ್ಲಿ ಅಲ್ಲಿನ ಗ್ರಾಹಕರೊಬ್ಬರು ಹೊಸ ಕಾರಿಗೆ ಹಣ ಕೊಟ್ಟರು. ಡೀಲರ್ ಕೊಟ್ಟದ್ದು 2009ರಲ್ಲಿ ತಯಾರಾದ ಕಾರು, ಅದೂ ಆಗಲೇ ಓಡಿದ್ದು. ಜಿಲ್ಲೆ, ರಾಜ್ಯ, ರಾಷ್ಟ್ರ ಮೂರೂ ಹಂತಗಳಲ್ಲಿ ಗ್ರಾಹಕರೇ ಗೆದ್ದರು. ಆದರೆ 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಯಾರಕರಾದ ಟಾಟಾ ಮೋಟಾರ್ಸ್ ಅನ್ನು ಹೊಣೆಯಿಂದ ಬಿಡುಗಡೆ ಮಾಡಿತು. ಡೀಲರ್ ಕಂಪನಿಯ ಏಜೆಂಟನಲ್ಲ, ಸ್ವಂತ ವ್ಯಾಪಾರಿ. ಅವನು ಮಾಡಿದ್ದು ಕಂಪನಿಗೆ ಗೊತ್ತಿತ್ತು ಎಂದು ದೂರುದಾರ ಹೇಳಿ ಸಾಬೀತು ಮಾಡದಿದ್ದರೆ ಕಂಪನಿಯನ್ನು ಹೊಣೆ ಮಾಡಲಾಗದು ಎಂಬುದು ತೀರ್ಪಿನ ಸಾರ. ಬೋರ್ಡಿನ ಮೇಲಿನ ದೊಡ್ಡ ಹೆಸರು ನೋಡಿ ಹಣ ಕೊಟ್ಟ ಗ್ರಾಹಕನಿಗೆ ಈ ತೀರ್ಪು ಕಷ್ಟದ್ದು ಎಂದೇ ನನ್ನ ಅಭಿಪ್ರಾಯ. ಆದರೆ ಇಂದಿನ ಕಾನೂನು ಅದೇ.

ಹಾಗಾಗಿ ಮೊದಲ ದಿನದಿಂದಲೇ ಎಲ್ಲವೂ ಬರಹದಲ್ಲಿರಲಿ. ಡೀಲರ್‌ಗೆ ಕಳಿಸುವ ಪ್ರತಿ ಇಮೇಲ್ ಕಂಪನಿಯ ಗ್ರಾಹಕ ವಿಭಾಗಕ್ಕೂ ಹೋಗಲಿ. ವಿಷಯ ಗೊತ್ತಾದ ಮೇಲೂ ಕಂಪನಿ ಸುಮ್ಮನಿತ್ತು ಎಂಬುದಕ್ಕೆ ನಿಮ್ಮ ಬಳಿ ತಾರೀಖಿನ ಸಮೇತ ಸಾಕ್ಷಿ ಇರುತ್ತದೆ. ಡೆಲಿವರಿ ತೆಗೆದುಕೊಳ್ಳುವ ಮೊದಲು ಫಾರಂ 21, ಅಂದರೆ ಮಾರಾಟ ಪ್ರಮಾಣಪತ್ರ, ಕೇಳಿ ನೋಡಿ. ಕಾರು ತಯಾರಾದ ತಿಂಗಳು, ವರ್ಷ ಅದರಲ್ಲೇ ಇರುತ್ತದೆ. ಸೇಲ್ಸ್‌ನವರು ಬಾಯಲ್ಲಿ ಹೇಳಿದ ರಿಯಾಯಿತಿ, ಉಚಿತ ಆಕ್ಸೆಸರಿ, ಡೆಲಿವರಿ ದಿನಾಂಕ ಇವನ್ನೂ ಬುಕಿಂಗ್ ಫಾರಂ ಮೇಲೆ ಬರೆಸಿಕೊಳ್ಳಿ.

ಡೀಲರ್ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಹೊರಡಿಸಲಾರರು, ನಿಮ್ಮ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ವಾಪಸ್ ಬಾರದ ಬುಕಿಂಗ್ ಹಣದಂತಹ ವಿಷಯಕ್ಕೆ ಇಲ್ಲಿಂದಲೇ ಶುರು ಮಾಡಬಹುದು.

ನಿಜವಾದ ಅಧಿಕಾರ ಇರುವುದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಂದ ದೊಡ್ಡ ಅನುಕೂಲವೆಂದರೆ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಶೋರೂಮಿನಲ್ಲಿ ಕಾರು ಕೊಂಡ ಹಾವೇರಿಯವರು ಹಾವೇರಿಯಲ್ಲೇ ಕೇಸು ಹಾಕಬಹುದು. ಕಾರಿಗೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ ಎಷ್ಟು ಗೊತ್ತೇ? ಎಂಟು ಲಕ್ಷದ ಕಾರಿಗೆ 200 ರೂಪಾಯಿ, ಹನ್ನೆರಡು ಲಕ್ಷದ ಕಾರಿಗೆ 400. ವಕೀಲರು ಕಡ್ಡಾಯವಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಹೊಟ್ಟೆಪಾಡಿಗೆ ತಾನೇ ಓಡಿಸಲು ಟ್ಯಾಕ್ಸಿ ಕೊಂಡ ಚಾಲಕನೂ ಈ ಕಾಯ್ದೆಯ ಪ್ರಕಾರ ಗ್ರಾಹಕನೇ. ‘ನಿಮ್ಮದು ಹಳದಿ ಬೋರ್ಡು, ಗ್ರಾಹಕರ ಕೋರ್ಟಿಗೆ ಹೋಗೋಕಾಗಲ್ಲ’ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಇಲ್ಲೊಂದು ಎಚ್ಚರಿಕೆ ಬೇಕು. ಹೊಸ ಕಾರಿನಲ್ಲಿ ಗೇರ್‌ಬಾಕ್ಸ್ ಸದ್ದು ಮಾಡಿದರೆ ಬೇರೆ ಕಾರೇ ಸಿಗುತ್ತದೆ ಎಂಬ ನಿರೀಕ್ಷೆ ಬೇಡ. ವಾರಂಟಿ ಇರುವುದು ಭಾಗಗಳ ಬದಲಾವಣೆಗೆ ಮಾತ್ರವಾದರೆ ಕೋರ್ಟು ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ. ತಯಾರಿಕೆಯ ದೋಷ ಎಂದು ವಾದಿಸುವುದಾದರೆ ತಜ್ಞರ ವರದಿ ಬೇಕಾಗುತ್ತದೆ. ಒಂದೇ ತೊಂದರೆಗೆ ಮತ್ತೆ ಮತ್ತೆ ಸರ್ವಿಸ್‌ಗೆ ಬಿಟ್ಟಾಗಿನ ಪ್ರತಿಯೊಂದು ಜಾಬ್ ಕಾರ್ಡ್ ಇಟ್ಟುಕೊಳ್ಳಬೇಕಾದುದು ಇದಕ್ಕೇ. ‘ಸಣ್ಣ ವಿಷಯ ಸರ್, ಕಾರ್ಡ್ ಬೇಡ’ ಎಂದರೂ ಒಪ್ಪಬೇಡಿ.

ಇನ್ನು ಆರ್‌ಟಿಓ. ಡೀಲರ್ ವ್ಯಾಪಾರ ನಡೆಸುವುದು ಆರ್‌ಟಿಓ ಕೊಟ್ಟ ಟ್ರೇಡ್ ಸರ್ಟಿಫಿಕೇಟ್ ಮೇಲೆ. ತಾತ್ಕಾಲಿಕವೋ ಶಾಶ್ವತವೋ ನೋಂದಣಿ ಆಗದೆ ಕಾರನ್ನು ಗ್ರಾಹಕನ ಕೈಗೆ ಕೊಡುವಂತಿಲ್ಲ ಎಂದು ಕೇಂದ್ರ ಮೋಟಾರು ವಾಹನ ನಿಯಮ 42 ಹೇಳುತ್ತದೆ. ತಪ್ಪಿದರೆ ಸರ್ಟಿಫಿಕೇಟನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ನಿಯಮ 44ರಲ್ಲಿದೆ. ನೋಂದಣಿ ವಿಷಯದಲ್ಲಿ ಡೀಲರ್ ಸತಾಯಿಸಿದರೆ ಪ್ರಾದೇಶಿಕ ಸಾರಿಗೆ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಹಕ ವರ್ಷಗಟ್ಟಲೆ ಆಯೋಗಕ್ಕೆ ಅಲೆಯುವ ಬದಲು ಸಾರಿಗೆ ಇಲಾಖೆ ಈ ಅಧಿಕಾರವನ್ನು ಧೈರ್ಯದಿಂದ ಬಳಸಿದರೆ ಡೀಲರ್‌ಗಳು ಬೇಗ ದಾರಿಗೆ ಬರುತ್ತಾರೆ. ಇಲಾಖೆಯ ಹಿರಿಯರು ಇದನ್ನು ಗಂಭೀರವಾಗಿ ಯೋಚಿಸಬೇಕು.

ನಮ್ಮಲ್ಲೇ ವಿಮೆ ಮಾಡಿಸದಿದ್ದರೆ ಡೆಲಿವರಿ ಇಲ್ಲ ಎನ್ನುವ ಡೀಲರ್‌ಗಳೂ ಇದ್ದಾರೆ. ವಿಮೆ ಎಲ್ಲಿ ಮಾಡಿಸಬೇಕೆಂಬುದು ಕೊಳ್ಳುವವರ ಆಯ್ಕೆ. ಇದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ದಲ್ಲಿ ದೂರು ಕೊಡಬಹುದು. ತಕರಾರು ಸಾಲ ಕೊಟ್ಟ ಬ್ಯಾಂಕಿನದಾದರೆ ಮೊದಲು ಬ್ಯಾಂಕಿಗೆ ಬರೆಯಿರಿ, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ.

ಗ್ರಾಹಕರ ಆಯೋಗಕ್ಕೆ ಹೋಗಲು ಕಾನೂನು ಕೊಟ್ಟಿರುವ ಅವಧಿ ಎರಡು ವರ್ಷ, ಅದು ತೊಂದರೆ ಉಂಟಾದ ದಿನದಿಂದ. ಡೀಲರ್ ‘ಮುಂದಿನ ವಾರ ನೋಡೋಣ’ ಎನ್ನುತ್ತಾ ಕಳೆಯುವ ಪ್ರತಿ ತಿಂಗಳೂ ಈ ಲೆಕ್ಕದಲ್ಲೇ ಸೇರುತ್ತದೆ. ಮನೆಯಲ್ಲಿ ಅಂಥದೊಂದು ಫೈಲ್ ಇದ್ದರೆ ಇವತ್ತೇ ತೆಗೆದು ಬಿಲ್ಲಿನ ಮೇಲಿನ ತಾರೀಖು ನೋಡಿ.