ಮನೆ ತೆರಿಗೆ: ರಿಯಾಯಿತಿ ಯಾರಿಗೆ, ದಂಡ ಯಾರಿಗೆ?

ಏಪ್ರಿಲ್ ತಿಂಗಳೊಳಗೆ ಆಸ್ತಿ ತೆರಿಗೆ ಪಾವತಿಸುವವರಿಗೆ ನಮ್ಮ ರಾಜ್ಯದ ನಗರಪಾಲಿಕೆ, ಪುರಸಭೆಗಳು ಶೇ. 5 ರಿಯಾಯಿತಿ ನೀಡುತ್ತವೆ. ಮೇ, ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2ರಂತೆ ದಂಡ ಬೀಳುತ್ತದೆ. ಕೆಲವು ವರ್ಷ ಸರಕಾರ ರಿಯಾಯಿತಿಯ ಅವಧಿಯನ್ನು ವಿಸ್ತರಿಸಿದ್ದೂ ಉಂಟು.

ಇದನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿ ನೋಡೋಣ. ತೆರಿಗೆ 4,000 ರೂ. ಎಂದಿಟ್ಟುಕೊಂಡರೆ ಏಪ್ರಿಲ್‌ನಲ್ಲಿ ಕಟ್ಟುವವರು ಕೊಡುವುದು 3,800. ಮಾರ್ಚ್ ತನಕ ಎಳೆದವರು ಒಂಬತ್ತು ತಿಂಗಳ ದಂಡ ಸೇರಿ 4,720 ರೂ. ಕೊಡಬೇಕು. ಒಂದೇ ಅಳತೆಯ ಎರಡು ಮನೆಗಳ ನಡುವೆ 920 ರೂ. ವ್ಯತ್ಯಾಸ. ಏಪ್ರಿಲ್‌ನಲ್ಲಿ ಕೈಯಲ್ಲಿ ಹಣ ಇರುವವರು ಯಾರು? ತಿಂಗಳ ಸಂಬಳದವರು, ಗಲ್ಫ್‌ನಿಂದ ಮಕ್ಕಳು ಹಣ ಕಳುಹಿಸುವ ಮನೆಯವರು. ವಿಧವಾ ವೇತನದಲ್ಲಿ ದಿನ ಕಳೆಯುವ ತಾಯಿ ಎಳೆಯುತ್ತಾ ಹೋಗುತ್ತಾರೆ. ಹೀಗೆ ರಿಯಾಯಿತಿ ಇದ್ದವರಿಗೆ, ದಂಡ ಇಲ್ಲದವರಿಗೆ ಎಂಬಂತಾಗಿದೆ.

2021ರ ತಿದ್ದುಪಡಿಯ ಬಳಿಕ ನಗರಗಳ ಆಸ್ತಿ ತೆರಿಗೆಯನ್ನು ನೋಂದಣಿ ಇಲಾಖೆಯ ಮಾರ್ಗಸೂಚಿ ದರಕ್ಕೆ ಜೋಡಿಸಲಾಗಿದೆ. ಆ ದರ ರಾಜ್ಯದಾದ್ಯಂತ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆಗೊಂಡಿದೆ. ಹಳೆಯ ಹೆಂಚಿನ ಮನೆಗೆ ಸವಕಳಿ ಕಳೆಯುತ್ತಾರೆ ನಿಜ. ಆದರೆ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದು ಸೆಂಟ್ಸಿನ ಬೆಲೆ ಏರಿದರೆ, ಒಂದು ಸೆಂಟ್ಸ್ ಕೂಡ ಮಾರುವ ಯೋಚನೆ ಇಲ್ಲದ ವೃದ್ಧ ದಂಪತಿಯೂ ಕಾಗದದ ಮೇಲೆ ಶ್ರೀಮಂತರಾಗುತ್ತಾರೆ. ತೆರಿಗೆಯ ಲೆಕ್ಕ ನೆಲದ ಬೆಲೆಯನ್ನು ನೋಡುತ್ತದೆ, ಮನೆಯವರ ಆದಾಯವನ್ನು ನೋಡುವುದಿಲ್ಲ. ಮಾಜಿ ಸೈನಿಕರು ಸ್ವತಃ ವಾಸಿಸುವ ಮನೆಗೆ ಅರ್ಧದಷ್ಟು ವಿನಾಯಿತಿ ಇದೆ. ಅರ್ಹರು ಅರ್ಜಿ ಸಲ್ಲಿಸಿ ಪಡೆದುಕೊಳ್ಳಬೇಕು. ಪೂಜಾಸ್ಥಳಗಳಿಗೂ ವಿನಾಯಿತಿ ಇದೆ. ಆದರೆ ಚರ್ಚ್ ಜಾಗದಲ್ಲಿರುವ ಬಾಡಿಗೆ ಅಂಗಡಿಗಳಿಗೆ ಅದು ಅನ್ವಯಿಸದು ಎಂಬುದನ್ನು ಪಾಲನಾ ಪರಿಷತ್ತಿನ ಸದಸ್ಯರು ನೆನಪಿಡಬೇಕು.

ಮನೆಯನ್ನು ಬಾಡಿಗೆಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಒಂದು ಅನುಕೂಲವಿದೆ. ಆ ವರ್ಷ ತಾವೇ ಪಾವತಿಸಿದ ಆಸ್ತಿ ತೆರಿಗೆಯನ್ನು ಬಾಡಿಗೆ ಆದಾಯದಿಂದ ಕಳೆದು, ಉಳಿದುದರಲ್ಲಿ ಶೇ. 30ನ್ನು ರಿಪೇರಿ ಮೊದಲಾದ ಖರ್ಚಿನ ಬಾಬ್ತು ಮತ್ತೆ ಕಳೆಯಬಹುದು. ಹೊಸ ತೆರಿಗೆ ಪದ್ಧತಿಯಲ್ಲೂ ಇದು ಉಳಿದಿದೆ. ಕರಾರಿನ ಪ್ರಕಾರ ತೆರಿಗೆಯನ್ನು ಬಾಡಿಗೆದಾರನೇ ಕಟ್ಟಿದ್ದರೆ ಮಾಲಿಕರು ಅದನ್ನು ಕಳೆಯುವಂತಿಲ್ಲ. ಈ ಮಾತು ತಿಳಿಯದೆ ತೆರಿಗೆಯನ್ನು ಬಾಡಿಗೆದಾರನ ತಲೆಗೆ ಕಟ್ಟಿ ನಷ್ಟ ಮಾಡಿಕೊಂಡವರು ನಮ್ಮಲ್ಲಿದ್ದಾರೆ.

ಇನ್ನು ಬಾಡಿಗೆದಾರರ ವಿಚಾರ. ಪಾಲಿಕೆಯ ಪುಸ್ತಕದಲ್ಲಿ ಅವರ ಹೆಸರಿಲ್ಲ, ಆದರೆ ತೆರಿಗೆ ಬಾಡಿಗೆಯೊಳಗೆ ಸೇರಿಯೇ ಇರುತ್ತದೆ. ನಮ್ಮ ಯುವಜನರು ಕೆಲಸಕ್ಕೆ ಹೋಗುವ ಬೆಂಗಳೂರಿನಲ್ಲಿ 2016ರ ದರಪಟ್ಟಿಯಂತೆ ಬಾಡಿಗೆ ಮನೆಯ ಚದರಡಿ ದರ ಸ್ವಂತ ವಾಸದ ಮನೆಯ ಎರಡರಷ್ಟಿತ್ತು. ಅದನ್ನು ಮಾಲಿಕರು ತಮ್ಮ ಜೇಬಿನಿಂದ ಭರಿಸುತ್ತಾರೆಂದು ನಾವು ನಂಬುವುದಿಲ್ಲ. ಪರಿಹಾರವೆಂದು ಇರುವುದು ಆದಾಯ ತೆರಿಗೆಯ ಮನೆ ಬಾಡಿಗೆ ಭತ್ಯೆಯ ವಿನಾಯಿತಿ. ಭತ್ಯೆ ಇಲ್ಲದವರಿಗೆ ತಿಂಗಳಿಗೆ ಹೆಚ್ಚೆಂದರೆ 5,000 ರೂ. ಕಳೆಯುವ ಅವಕಾಶ. ಎರಡೂ ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ರಿಕ್ಷಾ ಚಾಲಕರು, ಹೋಮ್ ನರ್ಸ್‌ಗಳು, ಬೀಡಿ ಕಟ್ಟುವವರು ಆದಾಯ ತೆರಿಗೆಯ ಮಿತಿಗೇ ಬರುವುದಿಲ್ಲ. ಅವರಿಗೆ ಸಿಗುವುದು ಸೊನ್ನೆ.

ಬೇರೆ ದಾರಿ ಇಲ್ಲವೆಂದೇನಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 65 ದಾಟಿದವರು, 50 ದಾಟಿದ ವಿಧವೆ ವಿಧುರರು ಮತ್ತು ಅಂಗವಿಕಲರು ಆದಾಯ ಕಡಿಮೆಯಿದ್ದರೆ ಅರ್ಜಿ ಹಾಕಿ ತೆರಿಗೆಯ ಒಂದಂಶವನ್ನು ಹಿಂದಕ್ಕೆ ಪಡೆಯಬಹುದು. ಬಾಡಿಗೆದಾರರಿಗೂ ಬಾಡಿಗೆಯ ಲೆಕ್ಕದಲ್ಲಿ ಹಣ ಬರುತ್ತದೆ. 1971ರಿಂದ ನಡೆದುಬಂದಿರುವ ಯೋಜನೆಯಿದು, 2024ರಿಂದ ಗರಿಷ್ಠ ಮೊತ್ತ 1,000 ಡಾಲರ್. ಹಣ ಹೆಚ್ಚಾಗಿ ಲಾಟರಿ ಮತ್ತು ಜೂಜಿನ ಆದಾಯದಿಂದ ಬರುತ್ತದೆ. ಅದು ನಮಗೆ ಮಾದರಿಯಲ್ಲ, ಆದರೆ ವಯಸ್ಸು ಮತ್ತು ಆದಾಯವನ್ನು ನೋಡುವ ಕ್ರಮ ಮಾದರಿಯೇ. ರಿಯಾಯಿತಿ, ದಂಡ ಎರಡೂ ರಾಜ್ಯದ ಕಾಯ್ದೆಯಲ್ಲಿರುವುದರಿಂದ ಈ ಬೇಡಿಕೆಯನ್ನು ಶಾಸಕರ ಮುಂದಿಡಬೇಕು.

ಅಷ್ಟರವರೆಗೆ ವಾಳೆಯ ಗುರ್ಕಾರರು ಏಪ್ರಿಲ್ ಮೊದಲ ವಾರದಲ್ಲೇ ಒಂಟಿ ವೃದ್ಧರ ಮನೆಗಳಿಗೆ ಹೋಗಿ ಹಳೆಯ ರಶೀದಿ ನೋಡಲಿ, ಚಲನ್ ತುಂಬಿಸಿಕೊಡಲಿ. ಖಾತೆ ಇನ್ನೂ ತೀರಿಕೊಂಡ ಗಂಡನ ಹೆಸರಿನಲ್ಲೇ ಇದ್ದರೆ ಬದಲಾವಣೆಗೂ ಅದೇ ದಿನ ಅರ್ಜಿ ಬರೆದುಕೊಡಲಿ.