ಗೃಹ ವಿವೇಕ: ಹೊಸ ಸಾಕೆಟ್ ಹಾಕಿಸುವ ಮುನ್ನ ತಂತಿ ನೋಡಿ



ಕೆಳಗೆ ಅಂಗಡಿ, ಮೇಲೆ ಮನೆ. ನಮ್ಮ ವ್ಯಾಪಾರಸ್ಥ ಕುಟುಂಬಗಳಲ್ಲಿ ಇದು ಸಾಮಾನ್ಯವಾದ ಏರ್ಪಾಡು. ಹಿಂದೆ ದೀಪ, ಫ್ಯಾನು, ರೇಡಿಯೋಗೆಂದು ಎಳೆದ ತಂತಿಯ ಮೇಲೆ ಇಂದು ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆಗಳೆಲ್ಲ ಬಂದು ಕೂತಿವೆ. ಹೊಸ ಸಾಮಾನು ಬಂದಾಗ ಹಳೆಯ ಬೋರ್ಡಿನ ಪಕ್ಕದಲ್ಲೇ ಇನ್ನೊಂದು ಸಾಕೆಟ್ ಹಾಕಿಸಿಬಿಡುತ್ತೇವೆ. ಗೋಡೆಯೊಳಗಿನ ತಂತಿ ಆ ಭಾರ ತಾಳುವುದೇ ಎಂದು ಯಾರೂ ಕೇಳುವುದಿಲ್ಲ.

ಲೆಕ್ಕ ಕಠಿಣವಲ್ಲ. ಉಪಕರಣದ ಮೇಲೆ ಬರೆದಿರುವ ವ್ಯಾಟನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಸಿಗುತ್ತದೆ. 750 ವ್ಯಾಟಿನ ಮಿಕ್ಸರ್ ಸುಮಾರು 3.3, 1500 ವ್ಯಾಟಿನ ನೀರು ಕಾಯಿಸುವ ಕೆಟಲ್ 6.5, 2000 ವ್ಯಾಟಿನ ಇಂಡಕ್ಷನ್ ಒಲೆ 8.7, 3000 ವ್ಯಾಟಿನ ಗೀಸರ್ 13 ಆಂಪಿಯರ್.

ರಾತ್ರಿಭೋಜನ ತ್ಯಾಗವಿರುವ ನಮ್ಮ ಮನೆಗಳಲ್ಲಿ ಒಂದು ವಿಶೇಷವಿದೆ. ಸೂರ್ಯಾಸ್ತದೊಳಗೆ ಊಟ ಮುಗಿಯಬೇಕಾದ್ದರಿಂದ ಸಂಜೆಯ ಒಂದೇ ಗಳಿಗೆಯಲ್ಲಿ ಒಲೆ, ಮಿಕ್ಸರ್, ಕೆಟಲ್ ಮೂರೂ ನಡೆಯುತ್ತವೆ. ಮೇಲಿನ ಲೆಕ್ಕದಂತೆ ಒಟ್ಟು ಸುಮಾರು 18.5 ಆಂಪಿಯರ್. ದಶಲಕ್ಷಣ ಪರ್ವದಲ್ಲಿ ನೆಂಟರಿಷ್ಟರು ಬಂದಾಗ ಇನ್ನೂ ಹೆಚ್ಚು. ತಂತಿಯಲ್ಲಿ ಕರೆಂಟ್ ಎರಡು ಪಟ್ಟಾದರೆ ಅದರಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ದಿನದಿನಕ್ಕೆ ಗಡುಸಾಗಿ ಬಿರುಕು ಬಿಡುವುದು ಹೀಗೆಯೇ.

ಪೈಪಿನೊಳಗೆ ಎಳೆದ ತಾಮ್ರದ ತಂತಿಗೆ ಸಾಮಾನ್ಯವಾಗಿ ಹೊಂದುವ ಪ್ರಮಾಣ ಹೀಗಿದೆ:

ದೀಪ, ಫ್ಯಾನು, 6 ಆಂಪಿಯರ್ ಸಾಕೆಟ್: 1.5 ಚದರ ಮಿ.ಮೀ. ತಂತಿ, 10 ಆಂಪಿಯರ್ ಎಂ.ಸಿ.ಬಿ.

16 ಆಂಪಿಯರ್ ಸಾಕೆಟ್: 2.5 ಚದರ ಮಿ.ಮೀ. ತಂತಿ, 16 ಆಂಪಿಯರ್ ಎಂ.ಸಿ.ಬಿ.

ಗೀಸರ್, ಎ.ಸಿ.: 4 ಚದರ ಮಿ.ಮೀ. ತಂತಿ, 20 ಆಂಪಿಯರ್ ಎಂ.ಸಿ.ಬಿ. ಪ್ರತಿಯೊಂದಕ್ಕೂ ಬೇರೆ ಲೈನು.

ಎಂ.ಸಿ.ಬಿ. ಮೇಲಿಂದ ಮೇಲೆ ಟ್ರಿಪ್ ಆದರೆ "ದೊಡ್ಡದು ಹಾಕಿಬಿಡು" ಎನ್ನುವವರಿದ್ದಾರೆ. ಇದಕ್ಕಿಂತ ದೊಡ್ಡ ಅವಿವೇಕವಿಲ್ಲ. ಎಂ.ಸಿ.ಬಿ. ಇರುವುದು ಮೊದಲು ತಂತಿಯ ರಕ್ಷಣೆಗೆ. ಒಂದೂವರೆ ತಂತಿಗೆ 32 ಆಂಪಿಯರಿನದನ್ನು ಹಾಕಿದರೆ, ತಂತಿ ಸುಡುತ್ತಿದ್ದರೂ ಅದು ಸುಮ್ಮನಿರುತ್ತದೆ. ಫ್ಯೂಜಿಗೆ ದಪ್ಪ ತಂತಿ ಸುತ್ತುವುದೂ ಇದೇ ತಪ್ಪು. ಇನ್ನೊಂದು ಮಾತು: ಹೊಸ ಸಾಕೆಟ್‌ಗೆ ಎರಡೂವರೆ ತಂತಿ ಹಾಕಿ, ಅದನ್ನು ಹಳೆಯ ಒಂದೂವರೆ ತಂತಿಗೆ ಜೋಡಿಸಿದರೆ ಪ್ರಯೋಜನವಿಲ್ಲ. ಭಾರವೆಲ್ಲ ಹಳೆಯ ತಂತಿಯ ಮೇಲೆಯೇ ಬೀಳುತ್ತದೆ. ಡಿ.ಬಿ. ಪೆಟ್ಟಿಗೆಯಿಂದಲೇ ಹೊಸ ಲೈನು ಎಳೆಸಬೇಕು.

ಹಳೆಯ ಮನೆಗಳಲ್ಲಿ 1/18, 3/22 ಎಂಬ ತಂತಿಗಳಿರುತ್ತವೆ. 3/22 ಎಂದರೆ 22ನೇ ಗೇಜಿನ ಮೂರು ಎಳೆ. ಎರಡೂ ಸುಮಾರು 1.2 ಚದರ ಮಿ.ಮೀ. ಮಾತ್ರ. ಅಲ್ಯೂಮಿನಿಯಂ ಆಗಿದ್ದರೆ ಅದೇ ದಪ್ಪದ ತಾಮ್ರದ ಮುಕ್ಕಾಲು ಪಾಲಿನಷ್ಟೇ ತಾಳುತ್ತದೆ. ಅದನ್ನು ತಾಮ್ರದೊಡನೆ ಹಾಗೆಯೇ ಹೊಸೆದರೆ ಜೋಡಣೆ ಕಾಲಕ್ರಮೇಣ ಸಡಿಲಾಗಿ ಕಾಯುತ್ತದೆ.

ಊರಿನ ಹವೆಯನ್ನೂ ಗಮನಿಸಬೇಕು. ಸೋಲಾಪುರ, ಅಕ್ಕಲಕೋಟೆ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸುತ್ತಲ ಶಾಖ ಹೆಚ್ಚಿದಂತೆ ತಂತಿಯ ಸಾಮರ್ಥ್ಯ ಇಳಿಯುತ್ತದೆ. ಒಂದೇ ಪೈಪಿನಲ್ಲಿ ಹಲವು ಲೈನು ತುಂಬಿದರೂ ಅಷ್ಟೆ. ಇಂಥಲ್ಲಿ ಒಂದು ಅಳತೆ ದಪ್ಪದ ತಂತಿ ಲೇಸು. ವಯನಾಡಿನ ಮಳೆಗಾಲದಲ್ಲಿ ಗೋಡೆ ತೇವವಾಗುವುದರಿಂದ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲೇಬೇಕು.

ಕೆಲಸವನ್ನು ಲೈಸೆನ್ಸ್ ಇರುವ ವೈರ್‌ಮನ್‌ಗೇ ಕೊಡಿ. ತಂತಿಯ ಮೇಲೆ ಐ.ಎಸ್.ಐ. ಗುರುತು, ಅಳತೆ ಎರಡನ್ನೂ ಓದಿ ತೆಗೆದುಕೊಳ್ಳಿ. ಸಾಕೆಟ್ ಬಿಸಿಯಾಗುವುದು, ಸುಟ್ಟ ವಾಸನೆ, ದೀಪ ಮಂಕಾಗುವುದು ಕಂಡರೆ ಮೇನ್ ಆರಿಸಿ ಕೂಡಲೇ ತೋರಿಸಿ.

ನೀರು ಸೋಸಿ ಕುಡಿಯುವವರು ನಾವು. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗದಿರಲೆಂಬುದೇ ಅದರ ಉದ್ದೇಶ. ಬಟ್ಟೆ, ಕಾಗದ, ಎಣ್ಣೆ ತುಂಬಿದ ಅಂಗಡಿಯ ಮೇಲೆ ಮಕ್ಕಳು ಮುದುಕರು ಮಲಗುವ ಮನೆಯಲ್ಲಿ ತಂತಿಯ ಅಳತೆ ನೋಡುವುದೂ ಅದೇ ಯತ್ನಾಚಾರದ ಭಾಗ. ಮುಂದಿನ ಸಾಕೆಟ್ ಹಾಕಿಸುವ ಮುನ್ನ ಒಂದು ಚೀಟಿಯಲ್ಲಿ ಮನೆಯ ವ್ಯಾಟುಗಳ ಲೆಕ್ಕ ಬರೆದಿಟ್ಟುಕೊಳ್ಳಿ.