ಮೊಬೈಲನ್ನು ಬೈದರೆ ಸಾಲದು

ಗಿರಣಿಯ ಪಾಳಿ ಮುಗಿಸಿ ಮನೆಗೆ ಬಂದ ಕಾರ್ಮಿಕನಿಗೂ, ಅಂಗಡಿಯ ಬಾಗಿಲು ಹಾಕಿ ಬಂದ ವ್ಯಾಪಾರಿಗೂ ಇಂದು ಒಂದೇ ದೂರು. ಕಾಲೇಜಿಗೆ ಹೋಗುವ ಮಗ ಮೊಬೈಲಿನಿಂದ ತಲೆ ಎತ್ತುವುದಿಲ್ಲ, ಮಾತನಾಡಿಸಿದರೆ ಸಿಡುಕುತ್ತಾನೆ, ರಾತ್ರಿ ನಿದ್ದೆ ಮಾಡುವುದಿಲ್ಲ. ವೇದಿಕೆಯ ಮೇಲೆ ಭಾಷಣ ಮಾಡುವ ಗಣ್ಯರೂ ಇದನ್ನೇ ಹೇಳುತ್ತಾರೆ. ತರುಣರ ಕಷ್ಟಕ್ಕೆಲ್ಲ ಮೊಬೈಲೇ ಮೂಲ, ಅದನ್ನು ಕೆಳಗಿಟ್ಟರೆ ಎಲ್ಲವೂ ನೆಟ್ಟಗಾಗುತ್ತದೆ ಎಂಬುದು ಅವರ ತೀರ್ಪು. ಈ ತೀರ್ಪಿನಲ್ಲಿ ಸತ್ಯವಿಲ್ಲದೆ ಇಲ್ಲ; ಆದರೆ ಅದು ಅರ್ಧ ಸತ್ಯ. ಉಳಿದರ್ಧವನ್ನು ಹೇಳುವುದು ಈ ಪತ್ರಿಕೆಯ ಕರ್ತವ್ಯವೆಂದು ನಾವು ತಿಳಿದಿದ್ದೇವೆ.

ವಿದ್ಯಾರ್ಥಿಗಳ ಮನಸ್ಸಿನ ಒತ್ತಡವನ್ನು ಅಳೆಯುವ ಕೆಲಸ ಹೊಸದಲ್ಲ. 1983ರಲ್ಲಿ ಅಮೆರಿಕದ ಶೆಲ್ಡನ್ ಕೋಹೆನ್ ಮತ್ತು ಅವರ ಸಂಗಡಿಗರು ಇದಕ್ಕಾಗಿ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಕಳೆದ ಒಂದು ತಿಂಗಳಲ್ಲಿ ಮನಸ್ಸು ಎಷ್ಟು ಸಲ ಕಳವಳಗೊಂಡಿತು, ಬದುಕು ಕೈಮೀರಿತೆಂದು ಎಷ್ಟು ಸಲ ಅನ್ನಿಸಿತು ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಇಂದಿಗೂ ಕಾಲೇಜುಗಳಲ್ಲಿ ಇದು ಬಳಕೆಯಲ್ಲಿದೆ. ಇದರ ಜೊತೆಗೆ ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡುತ್ತೀಯೆಂದು ಕೇಳಿ, ಎರಡನ್ನೂ ತಾಳೆ ಹಾಕಿ, ಮೊಬೈಲಿನಿಂದಲೇ ಒತ್ತಡವೆಂದು ಬರೆದುಬಿಡುವುದುಂಟು. ಆದರೆ ಮೊಬೈಲ್ ನೋಡಿದ್ದರಿಂದ ಹುಡುಗನಿಗೆ ಚಿಂತೆ ಹತ್ತಿತೋ, ಚಿಂತೆ ಹತ್ತಿದ್ದರಿಂದ ಹುಡುಗ ಮೊಬೈಲ್ ಹಿಡಿದನೋ? ಈ ತಾಳೆಯಿಂದ ಅದು ಗೊತ್ತಾಗುವುದಿಲ್ಲ.

ಇದನ್ನು ಬಿಡಿಸಿ ನೋಡಿದ ಸಂಶೋಧನೆಯೊಂದಿದೆ. ಲೂಕಾ ಬ್ರಾಗಿಯೇರಿ, ರೋಯಿ ಲೆವಿ, ಅಲೆಕ್ಸಿ ಮಕಾರಿನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು 2022ರಲ್ಲಿ ಪ್ರಕಟಿಸಿದರು. ಫೇಸ್‌ಬುಕ್ 2004ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾಗಿ, ಒಂದೊಂದೇ ಕಾಲೇಜಿಗೆ ಹಬ್ಬುತ್ತ ಹೋಗಿ, 2006ರಲ್ಲಿ ಸರ್ವರಿಗೂ ತೆರೆಯಿತು. ಅದೇ ವರ್ಷಗಳಲ್ಲಿ ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಆರೋಗ್ಯದ ಸಮೀಕ್ಷೆಯೂ ನಡೆಯುತ್ತಿತ್ತು. ಫೇಸ್‌ಬುಕ್ ಬಂದ ಕಾಲೇಜಿನ ವಿದ್ಯಾರ್ಥಿಗಳನ್ನೂ ಇನ್ನೂ ಬಾರದ ಕಾಲೇಜಿನ ವಿದ್ಯಾರ್ಥಿಗಳನ್ನೂ ಇವರು ಹೋಲಿಸಿದರು. ಫೇಸ್‌ಬುಕ್ ಬಂದಲ್ಲಿ ಮನಸ್ಸಿನ ಆರೋಗ್ಯ ಕೆಟ್ಟಿತ್ತು. ಆದುದರಿಂದ ಹಾನಿ ಇಲ್ಲವೆಂದು ವಾದಿಸುವವರ ಪಕ್ಷವನ್ನು ನಾವು ವಹಿಸುವುದಿಲ್ಲ. ಮನುಷ್ಯರ ಗಮನವನ್ನು ಮಾರಿ ಲಾಭ ಮಾಡುವ ಕಂಪೆನಿಗಳ ವಕಾಲತ್ತು ನಮಗೆ ಬೇಕಿಲ್ಲ.

ಆದರೆ ಈ ಹಾನಿಯ ತೂಕವೆಷ್ಟು? ನಮ್ಮ ಓದುಗರು ಗಮನಿಸಬೇಕಾದ ಮಾತು ಇಲ್ಲಿದೆ. ಆ ಮೂವರೇ ಒಂದು ಹೋಲಿಕೆಯನ್ನು ಕೊಟ್ಟಿದ್ದಾರೆ. ಕೆಲಸ ಕಳೆದುಕೊಂಡ ಮನುಷ್ಯನ ಮನಸ್ಸಿಗೆ ಆಗುವ ಪೆಟ್ಟನ್ನು ನೂರು ಎಂದು ಹಿಡಿದರೆ, ಫೇಸ್‌ಬುಕ್ಕಿನಿಂದ ವಿದ್ಯಾರ್ಥಿಗೆ ಆದ ಪೆಟ್ಟು ಸುಮಾರು 22. ಈ ಹೋಲಿಕೆಗೆ ಅವರು ಆಧಾರವಾಗಿ ಹಿಡಿದದ್ದು 2009ರಲ್ಲಿ ಜರ್ಮನಿಯ ಪಾಲ್ ಮತ್ತು ಮೋಸರ್ ಎಂಬ ವಿದ್ವಾಂಸರು ಮುನ್ನೂರಕ್ಕೂ ಮಿಕ್ಕಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಲೆಕ್ಕವನ್ನು. ಅದರ ಪ್ರಕಾರ ಕೆಲಸವಿರುವವರಲ್ಲಿ ಮನೋವ್ಯಥೆಗೆ ಒಳಗಾದವರು ಶೇಕಡ 16, ಕೆಲಸವಿಲ್ಲದವರಲ್ಲಿ ಶೇಕಡ 34. ಫೇಸ್‌ಬುಕ್ಕಿನ ಆ ಲೆಕ್ಕ ಇಂದಿನ ಮೊಬೈಲಿಗಿಂತ ಹಿಂದಿನದು. ಇಂದಿನ ಹಾನಿ ಅದಕ್ಕಿಂತ ಹೆಚ್ಚಿದ್ದರೂ ಇರಬಹುದು. ಆದರೂ ಒಂದೇ ತಕ್ಕಡಿಯಲ್ಲಿ ಎರಡನ್ನೂ ಇಟ್ಟು ತೂಗಿದಾಗ ನಿರುದ್ಯೋಗದ ತಟ್ಟೆ ನೆಲ ಮುಟ್ಟಿತೆಂಬುದನ್ನು ಮರೆಯಬಾರದು. ಹಗುರವಾದ ತಟ್ಟೆಯ ಮೇಲೆ ಗಂಟೆಗಟ್ಟಲೆ ಭಾಷಣ ಮಾಡಿ, ಭಾರವಾದ ತಟ್ಟೆಯ ಬಗ್ಗೆ ಬಾಯಿ ಮುಚ್ಚಿಕೊಳ್ಳುವುದು ನ್ಯಾಯವೇ?

ಇನ್ನೊಂದು ಮಾತು. ಫೇಸ್‌ಬುಕ್ಕಿನ ಪೆಟ್ಟು ಎಲ್ಲರಿಗೂ ಸಮನಾಗಿ ಬಿದ್ದಿರಲಿಲ್ಲ. ತಮ್ಮನ್ನು ಇತರರೊಡನೆ ಹೋಲಿಸಿಕೊಂಡು ಕೀಳೆಂದು ಭಾವಿಸುವ ಸಂಭವವಿದ್ದವರಿಗೆ ಅದು ಜಾಸ್ತಿ ತಗಲಿತ್ತು. ಯಾರು ಇವರು? ಕಾಲೇಜಿನ ಹೊರಗೆ ವಾಸವಿದ್ದವರು, ಸಾಲ ಹೊತ್ತವರು, ಓದಿನ ಜೊತೆಗೆ ದುಡಿಯುತ್ತಿದ್ದವರು. ಎಂದರೆ ನಮ್ಮ ಮನೆಗಳ ಮಕ್ಕಳಂಥವರು. ಸಂಜೆ ಕೂಲಿಗೆ ಹೋಗಿ ಬಂದು ರಾತ್ರಿ ಶ್ರೀಮಂತರ ಮಕ್ಕಳ ಮೋಜಿನ ಚಿತ್ರಗಳನ್ನು ನೋಡುವ ಹುಡುಗನಿಗೆ ನೋವು ಕೊಡುವುದು ಬರಿಯ ಗಾಜಿನ ತುಂಡಲ್ಲ, ಆ ಗಾಜಿನಲ್ಲಿ ಕಾಣುವ ಅಸಮಾನತೆ.

ಕೆಲಸವಿಲ್ಲದ ಬದುಕು ಹೇಗಿರುತ್ತದೆಂಬುದನ್ನು ಸಮಾಜವಿಜ್ಞಾನ ಮೊಬೈಲ್ ಹುಟ್ಟುವ ಮೊದಲೇ ಕಂಡಿತ್ತು. ಆಸ್ಟ್ರಿಯಾ ದೇಶದಲ್ಲಿ ವಿಯೆನ್ನಾ ನಗರದ ಸಮೀಪ ಮಾರಿಯೆಂತಾಲ್ ಎಂಬ ಊರಿದೆ. ಅಲ್ಲಿನ ಜನರೆಲ್ಲ ಒಂದು ಹತ್ತಿಗಿರಣಿಯನ್ನು ನಂಬಿ ಬದುಕಿದ್ದರು. 1930ರಲ್ಲಿ ಗಿರಣಿ ಮುಚ್ಚಿತು. ಮಾರೀ ಯಹೋಡಾ, ಪಾಲ್ ಲಾಜಾರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ತರುಣ ಸಮಾಜವಾದಿಗಳು ತಮ್ಮ ತಂಡದೊಡನೆ ಅಲ್ಲಿಗೆ ಹೋಗಿ, ಕಂಡದ್ದನ್ನು 1933ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕಾರ್ಮಿಕರ ಬಿಡುವಿನ ವೇಳೆಯನ್ನು ಕುರಿತು ಅಧ್ಯಯನ ಮಾಡಬೇಕೆಂಬುದು ಲಾಜಾರ್ಸ್‌ಫೆಲ್ಡರ ಮೊದಲ ಯೋಚನೆಯಾಗಿತ್ತು. ಜನ ಕೆಲಸವಿಲ್ಲದೆ ಕುಳಿತಿರುವಾಗ ಬಿಡುವಿನ ಅಧ್ಯಯನವೆಲ್ಲಿಯದು, ನಿರುದ್ಯೋಗವನ್ನು ಅಧ್ಯಯನ ಮಾಡಿ ಎಂದು ತಿದ್ದಿದವರು ಪಕ್ಷದ ನಾಯಕ ಓಟೋ ಬವರ್.

ಅವರು ಅಲ್ಲಿ ಕಂಡದ್ದೇನು? ಕೈತುಂಬ ವೇಳೆಯಿದ್ದರೂ ಜನ ಓದುವುದನ್ನು ಬಿಟ್ಟಿದ್ದರು. ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳು ಎರಡೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಪಕ್ಷದ ಪತ್ರಿಕೆಗೂ ಚಂದಾದಾರರು ಕಡಿಮೆಯಾಗಿದ್ದರು. ಗಂಡಸರ ನಡಿಗೆಯೇ ನಿಧಾನವಾಗಿತ್ತು. ಆ ಊರಿನಲ್ಲಿ ಯಾವ ಮೊಬೈಲೂ ಇರಲಿಲ್ಲ. ಕೆಲಸ ಹೋದ ಮೇಲೆ ಮನಸ್ಸಿನ ಉತ್ಸಾಹ ತಾನಾಗಿ ಬತ್ತಿತ್ತು.

ಇನ್ನು ನಮ್ಮ ದೇಶಕ್ಕೆ ಬರೋಣ. ಕೇಂದ್ರ ಸರಕಾರದ್ದೇ ಸಮೀಕ್ಷೆಯಂತೆ 2022-23ರಲ್ಲಿ ದೇಶದ ಒಟ್ಟು ನಿರುದ್ಯೋಗ ಶೇಕಡ 3.2, ಪದವೀಧರರಲ್ಲಿ ಅದು ಶೇಕಡ 13.4. ಇದರಲ್ಲಿಯೂ ಒಂದು ಮರ್ಮವಿದೆ. ಪದವಿ ಪಡೆದು, ಬೇರೆ ದಾರಿ ಕಾಣದೆ, ತಂದೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಪೊಟ್ಟಣ ಕಟ್ಟುವ ಮಗನನ್ನು ಆ ಸಮೀಕ್ಷೆ ಉದ್ಯೋಗಿಯೆಂದೇ ಎಣಿಸುತ್ತದೆ. ವ್ಯಾಪಾರಿ ಬಂಧುಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿ ಹೇಳುತ್ತದೆ. ಅದೇ ವರದಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ 15 ಸಾವಿರವನ್ನು ದಾಟಿದೆ. ಇಂದು ವಿದ್ಯಾರ್ಥಿಯಾದವನು ನಾಳೆ ಈ ಎರಡನೆಯ ಸಾಲಿಗೆ ಸೇರಬೇಕಾದೀತೆಂಬ ಭಯ ಅವನ ತಲೆದಿಂಬಿನ ಕೆಳಗೇ ಇದೆ. ಅವನಿಗೆ ನಿದ್ದೆ ಹೇಗೆ ಬಂದೀತು?

ಸರಕಾರಗಳು ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಕರ್ನಾಟಕದಲ್ಲಿ 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನೂ ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನೂ ಗೊತ್ತುಮಾಡಿತು. ಅದಕ್ಕೆ ಎರಡು ವರ್ಷದ ಮಿತಿ. ಹಸಿದವನಿಗೆ ಗಂಜಿ ಬೇಕು. ಆದರೆ ಗಂಜಿ ಕೆಲಸವಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ಆದರೆ ಆಪ್ತಸಮಾಲೋಚಕರು ಕೊಡಬಲ್ಲದ್ದು ಧೈರ್ಯವನ್ನು, ನೇಮಕಾತಿ ಪತ್ರವನ್ನಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಒಂದು, ಕೋರ್ಟಿನ ಮಾತು ಕಾಗದದಲ್ಲಿ ಉಳಿಯದೆ ಜಿಲ್ಲೆಯ ಪ್ರತಿಯೊಂದು ಸರಕಾರಿ ಕಾಲೇಜಿನಲ್ಲಿ ಜಾರಿಗೆ ಬರಬೇಕು. ಎರಡು, ವಿದ್ಯಾರ್ಥಿಗಳ ಸಮೀಕ್ಷೆ ಮಾಡುವವರು ಮೊಬೈಲಿನ ಗಂಟೆಗಳನ್ನು ಕೇಳಿದಂತೆಯೇ ಕಾಲೇಜಿನ ಫೀಸು, ಬಸ್ಸಿನ ಖರ್ಚು, ಮನೆಯ ಸಾಲ, ಓದಿನ ಜೊತೆಗಿನ ದುಡಿಮೆ ಇವನ್ನೂ ಕೇಳಿ, ಬಂದ ಉತ್ತರವನ್ನು ಜನರ ಮುಂದಿಡಬೇಕು. ಮೂರು, ಸರಕಾರ ಖಾಲಿ ಬಿದ್ದ ಹುದ್ದೆಗಳನ್ನು ತುಂಬಿ, ನಮ್ಮಂಥ ಊರುಗಳಲ್ಲಿ ಕೆಲಸ ಹುಟ್ಟುವಂತೆ ಬಂಡವಾಳ ಹೂಡಬೇಕು.

ಕಡೆಯದಾಗಿ, ತಂದೆತಾಯಂದಿರಿಗೆ ಒಂದು ವಿನಂತಿ. ಮಗನಿಗಾಗಲಿ ಮಗಳಿಗಾಗಲಿ ರಾತ್ರಿ ಮೊಬೈಲ್ ಕೆಳಗಿಡಲು ಹೇಳುವುದು ತಪ್ಪಲ್ಲ, ಹೇಳಿ. ಹೇಳಿದ ಮೇಲೆ ಎದ್ದು ಹೋಗದೆ ಪಕ್ಕದಲ್ಲಿ ಕುಳಿತು, ಮುಂದೆ ಏನು ಮಾಡಬೇಕೆಂದಿದ್ದೀಯೆಂದು ಕೇಳಿ. ಅವರ ಉತ್ತರದಲ್ಲಿ ಕಾಣುವ ಭಯ ಅವರೊಬ್ಬರದಲ್ಲ, ಓಣಿಯ ಎಲ್ಲ ಮನೆಗಳದೂ ಹೌದು. ಆ ಭಯವನ್ನು ಮನೆಯೊಳಗೆ ಬಚ್ಚಿಡದೆ ಸಂಘದ ಸಭೆಗೆ ತನ್ನಿ. ಒಬ್ಬ ಹುಡುಗನ ದೌರ್ಬಲ್ಯವೆಂದು ಕಾಣುವುದು, ನೂರು ಜನ ಕೂಡಿ ಕೇಳಿದಾಗ ಹಕ್ಕಿನ ಪ್ರಶ್ನೆಯಾಗುತ್ತದೆ.